ಸವುಳುಬಾವಿ ಓಣಿಯ ಅಂಕೆ

ನನ್ನ ಮೂಗಿನ ಬಗ್ಗೆ ನೀವು ಕೇಳಿಯೇ ಇರುತ್ತೀರಿ. ಕೇಳಿಲ್ಲವೆಂದರೆ ತಪ್ಪು ನಿಮ್ಮದು, ಮೂಗಿನದಲ್ಲ. ಕರಿಗಲ್ಲೂರಿನ ಬಸ್ ನಿಲ್ದಾಣದಲ್ಲಿ ನಿಂತು ಗಾಳಿ ಮೂಸಿ, ಮುನ್ನೂರು ಮೈಲಿ ಆಚೆ ಯಾರ ಮನೆಯಲ್ಲಿ ನಿನ್ನೆಯ ಸಾರು ಹಳಸಿದೆ ಎಂದು ಹೇಳಬಲ್ಲ ಮೂಗು ಅದು. ಇಂಥ ಮೂಗು ಕೊಟ್ಟ ದೇವರು ಅದಕ್ಕೆ ತಕ್ಕ ನೌಕರಿಯನ್ನೂ ಕೊಟ್ಟ. ಸವುಳುಬಾವಿ ಓಣಿಯ ಗಟಾರ ಮಾಪನ ಕೇಂದ್ರಕ್ಕೆ ನಾನು, ಗುರುಶಾಂತ ಹಳ್ಳಿಕೇರಿ, ಏಕೈಕ ನಿಯಂತ್ರಕ. ಇಡೀ ದೇಶದ ಮರ್ಯಾದೆ ನನ್ನ ಕುರ್ಚಿಯ ಕೆಳಗೆ ಹರಿದುಹೋಗುತ್ತಿತ್ತು. ಇದು ಉತ್ಪ್ರೇಕ್ಷೆಯಲ್ಲ. ಉಳಿದದ್ದರಲ್ಲಿ ಸ್ವಲ್ಪ ಇರಬಹುದು.

ಆ ಕಾಲಕ್ಕೆ ಯಾವ ಸರಕಾರ ಹೇಳಿದ್ದನ್ನೂ ಯಾರೂ ನಂಬುತ್ತಿರಲಿಲ್ಲ. ಒಂದು ದೇಶ ತನ್ನ ಜನ ಸರಾಸರಿ ನೂರಾ ಹತ್ತು ವರ್ಷ ಬದುಕುತ್ತಾರೆಂದು ಬರೆದುಕೊಟ್ಟಿತು. ವಿಚಾರಿಸಿದರೆ ಅಲ್ಲಿ ಸತ್ತವರ ಹೆಸರನ್ನು ಮೂವತ್ತು ವರ್ಷದಿಂದ ಯಾರೂ ಹೊಡೆದುಹಾಕಿರಲಿಲ್ಲ. ಇನ್ನೊಂದು ದೇಶದಲ್ಲಿ ಓದುಬರಹ ಬಲ್ಲವರು ಒಟ್ಟು ಜನಸಂಖ್ಯೆಗಿಂತ ಹೆಚ್ಚಿದ್ದರು. ಯಾವ ದೇಶ ಮುಂದೆ, ಯಾವುದು ಹಿಂದೆ, ಯಾಕೆ ಹಿಂದೆ ಎಂದು ಅಳೆಯಲು ಹೊರಟ ಜಗತ್ತಿನ ಅಳತೆ ಮಂಡಳಿಯವರು ಕೊನೆಗೆ ಬೇಸತ್ತು, ಕಾಗದ ಬಿಟ್ಟು ಗಟಾರಕ್ಕೆ ಇಳಿದರು. ಬಾಯಿ ಸುಳ್ಳಾಡುತ್ತದೆ, ಕಡತ ಸುಳ್ಳಾಡುತ್ತದೆ, ದೇಹದಿಂದ ಹೊರಬಿದ್ದದ್ದು ಸುಳ್ಳಾಡಲಾರದು.

ಸ್ನಾನದ ಹಂಡೆಯಷ್ಟಿದ್ದ ಆ ಯಂತ್ರ ಗಟಾರದ ಬಾಯಲ್ಲಿ ಕುಳಿತು ನಿಮಿಷಕ್ಕೊಂದು ಹನಿ ಎತ್ತಿಕೊಳ್ಳುತ್ತಿತ್ತು. ಜನ ಏನು ಉಂಡರು, ಮೈಯಲ್ಲಿ ರಕ್ತ ಎಷ್ಟಿದೆ, ಹೊಟ್ಟೆಯಲ್ಲಿ ಜಂತು ಎಷ್ಟಿವೆ, ಯಾವ ಔಷಧಿ ನುಂಗಿದರು, ಎಷ್ಟು ಹೆದರಿದರು, ಕುಡಿದ ನೀರಿನಲ್ಲಿ ಏನಿತ್ತು, ಎಲ್ಲವನ್ನೂ ಆ ಒಂದು ಹನಿ ಹೇಳುತ್ತಿತ್ತು. ಹೊಟ್ಟೆಯ ಸೂಕ್ಷ್ಮಜೀವಿಗಳು ಒಬ್ಬೊಬ್ಬರಲ್ಲಿ ಒಂದೊಂದು ತರಹ ಇರುವುದರಿಂದ, ಎಷ್ಟು ಜನರ ದೇಹ ದಾಟಿ ಬಂದಿದೆಯೆಂಬ ಲೆಕ್ಕವೂ ಸಿಗುತ್ತಿತ್ತು. ಹಾಲಿನ ಕೊಡ ಸುರಿದು ಮೋಸ ಮಾಡುತ್ತೇನೆಂದರೆ ಯಂತ್ರ ಅದನ್ನು ತಿರುಗಿಯೂ ನೋಡುತ್ತಿರಲಿಲ್ಲ. ಮೇಲಿನ ಗಾಜಿನಲ್ಲಿ ನೂರಕ್ಕೆ ಇಷ್ಟು ಎಂಬ ಅಂಕೆ. ಕೆಳಗಿನ ಗಾಜಿನಲ್ಲಿ ಅಂಕೆ ಅಷ್ಟೇ ಯಾಕೆ ಎಂಬ ಕಾರಣ.

ನಿಯಮ ಮೂರೇ. ದೇಶಕ್ಕೆ ನೂರು ಗಟಾರ. ಅವುಗಳಲ್ಲಿ ಅತಿ ಕೆಳಗಿನದರ ಅಂಕೆಯೇ ದೇಶದ ಅಂಕೆ. ಅರವತ್ತು ದಾಟಿದರೆ ಮುಂದುವರಿದ ದೇಶಗಳ ಸಭೆಯಲ್ಲಿ ಕುರ್ಚಿ. ದಾಟದಿದ್ದರೆ, ಕೆಳಗಿನ ಗಾಜಿನಲ್ಲಿ ಯಾವ ಕಾರಣ ಅರ್ಧಕ್ಕಿಂತ ಹೆಚ್ಚಿದೆಯೋ ಅದನ್ನು ಮಂಡಳಿಯೇ ಬಂದು ಸರಿಪಡಿಸಿಕೊಡುತ್ತದೆ. ಅನ್ನವೆಂದು ಬಂದರೆ ಅನ್ನ, ನೀರೆಂದು ಬಂದರೆ ನೀರಿನ ಘಟಕ.

ನಮ್ಮ ದೇಶದ ನೂರು ಗಟಾರಗಳಲ್ಲಿ ಅತಿ ಕೆಳಗಿನದು ಸವುಳುಬಾವಿ ಓಣಿಯದು. ಅಂಕೆ ನಲವತ್ತೊಂದು. ಕಾರಣ: ಅನ್ನ ಇಪ್ಪತ್ತಾರು, ನೀರು ಇಪ್ಪತ್ತೈದು, ರಕ್ತಹೀನತೆ ಹತ್ತೊಂಬತ್ತು, ಜಂತು ಹದಿನಾರು, ಭಯ ಹದಿನಾಲ್ಕು. ಅರ್ಧ ದಾಟಿದ್ದು ಒಂದೂ ಇಲ್ಲ. ಹಾಗಾಗಿ ಮಂಡಳಿಯಿಂದ ಪ್ರತಿ ವರ್ಷ ಬರುತ್ತಿದ್ದದ್ದು ಒಂದೇ ಉತ್ತರ: ಕಾರಣ ಅಸ್ಪಷ್ಟ, ಇನ್ನಷ್ಟು ಅಧ್ಯಯನವಾಗಲಿ.

ಆ ಅಸ್ಪಷ್ಟ ಕಾರಣ ನನ್ನ ನಾದಿನಿ ನೀಲವ್ವನ ಮನೆಯಲ್ಲಿ ಬಲು ಸ್ಪಷ್ಟವಾಗಿ ಕುಳಿತಿತ್ತು. ಓಣಿಗಿದ್ದ ಒಂದೇ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಷ್ಟಿತ್ತೆಂದರೆ, ಆ ಊರಿನ ಹೆಣಗಳ ಹಲ್ಲು ಕೂಡ ಕಂದು ಎಂದು ನಾನು ಹೇಳಿದರೆ ಯಾರೂ ನಗುತ್ತಿರಲಿಲ್ಲ. ಮೂವತ್ತೈದಕ್ಕೇ ನೀಲವ್ವನ ಬೆನ್ನು ಬಾಗಿತ್ತು. ಅವಳ ಮಗಳು ಸರಸಿಗೆ ಒಂಬತ್ತು ವರ್ಷ. ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯಬೇಕು. ಮೊಣಕಾಲು ಆಗಲೇ ಒಳಕ್ಕೆ ತಿರುಗತೊಡಗಿತ್ತು.

"ಎಲಬು ಇನ್ನೂ ಎಳೇದೈತಂತ, ಮಾಮಾ," ಎಂದಳು ನೀಲವ್ವ, ಆಸ್ಪತ್ರೆಗೆ ಹೋಗಿ ಬಂದ ದಿನ. "ಈ ವರ್ಷ ನೀರು ಬದಲಾದರ ಕಾಲು ತಿರುಗಿ ನೆಟ್ಟಗ ಆಕ್ಕಾವಂತ. ಆಮ್ಯಾಲಿಂದ ದೇವರು ಬಂದರೂ ಆಗೂದಿಲ್ಲ ಅಂದ್ರು ಡಾಕ್ಟ್ರು."

"ಚಿಂತಿ ಬಿಡು. ಆ ಯಂತ್ರ ನನ್ನ ಮಾತು ಕೇಳತೈತಿ. ನಾ ಕೂಡು ಅಂದರ ಕೂಡತೈತಿ, ಏಳು ಅಂದರ ಏಳತೈತಿ," ಎಂದೆ ನಾನು.

ನನ್ನ ಹೆಂಡತಿ ಇಂದ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅದಕ್ಕ ಅಂತೀನಿ, ಈ ಮನ್ಯಾಗ ನಿಮ್ಮ ಮಾತು ಕೇಳೂವಂಥಾದ್ದು ಗಟಾರೊಂದ," ಎಂದಳು. ಸರಸಿ ಕಂದು ಹಲ್ಲು ತೋರಿಸಿ ನಕ್ಕಳು.

ವರ್ಷದ ಅಂಕೆಗೆ ಮಂಡಳಿಯ ಮುದ್ರೆ ಬೀಳಲು ಐವತ್ತು ದಿನ ಇದ್ದಾಗ ರಾಜಧಾನಿಯಿಂದ ಚಿದಂಬರ ಸಾಹೇಬರು ಬಂದಿಳಿದರು. ರಾಷ್ಟ್ರೀಯ ಅಂಕೆ ಸುಧಾರಣಾ ವಿಶೇಷಾಧಿಕಾರಿ. ಬಿಳಿ ಅಂಗಿ, ಮೂಗಿಗೆ ಅತ್ತರು ಸವರಿದ ಕರವಸ್ತ್ರ. ಉಳಿದ ತೊಂಬತ್ತೊಂಬತ್ತು ಗಟಾರಗಳು ಹೇಗೋ ಅರವತ್ತೊಂದಕ್ಕೆ ಹತ್ತಿಯಾಗಿತ್ತು. ಹೇಗೆ ಎಂದು ಕೇಳಬೇಡಿ, ನಾನೂ ಕೇಳಲಿಲ್ಲ. ಉಳಿದದ್ದು ನಮ್ಮದೊಂದೇ.

"ಏನ್ರೀ ಗುರುಶಾಂತ, ಇಡೀ ದೇಶ ನಿಮ್ಮ ಓಣಿ ಹತ್ರ ಬಂದು ಮುಗ್ಗರಿಸ್ತಾ ಇದೆಯಲ್ರೀ! ಅಷ್ಟು ದೊಡ್ಡ ಸಭೇಲಿ ಕುರ್ಚಿ ಕಾಯ್ತಾ ಇದೆ. ಈ ನೂರು ಮನೆಯವರಿಗೋಸ್ಕರ ನಾವು ನಿಂತ್ಕೊಂಡೇ ಇರಬೇಕಾ?" ಎಂದರು ಚಹಾ ಹೀರುತ್ತಾ.

"ಯಂತ್ರಕ್ಕ ಮೋಸ ಮಾಡಾಕ ಬರೂದಿಲ್ರೀ ಸಾಹೇಬ್ರ."

"ಯಾರಿಗೂ ಬರಲ್ವಾ?"

ಆ ಒಂದು ಪ್ರಶ್ನೆ. ಅಲ್ಲಿ ನಾನು ಬಾಯಿಗೆ ಹೊಲಿಗೆ ಹಾಕಿಕೊಳ್ಳಬೇಕಿತ್ತು. ಆದರೆ 'ಯಾರಿಗೂ' ಎಂಬ ಶಬ್ದದಲ್ಲಿ ನಾನೂ ಸೇರುತ್ತೇನಲ್ಲ! ಅದನ್ನು ನನ್ನ ವಂಶದಲ್ಲೇ ಯಾರೂ ಸಹಿಸಿದ್ದಿಲ್ಲ.

"ನನಗ ಬಿಟ್ಟು," ಎಂದೆ. "ಅದು ದೇಹ ನೋಡತೈತ್ರಿ, ವಿಳಾಸ ಕೇಳೂದಿಲ್ಲ. ನೂರು ಮನಿ ಗಟಾರದ ಬಾಯಿ ಮುಚ್ಚಿ, ಇನ್ನೂರು ಮಂದಿ ಪೈಲ್ವಾನರನ್ನ ತಂದು, ತುಪ್ಪಾ ಹೋಳಿಗಿ ತಿನಿಸಿ ಇಲ್ಲೇ ಕೂಡಿಸ್ರಿ. ನಲವತ್ತು ದಿನದಾಗ ಸವುಳುಬಾವಿ ಓಣೀನ ಸ್ವಿಟ್ಜರ್ಲೆಂಡ್ ಮಾಡತೀನಿ."

ಹೇಳಿ ನಾನೇ ಗಹಗಹಿಸಿ ನಕ್ಕೆ. ಸಾಹೇಬರು ನಗಲಿಲ್ಲ. ಕಿಸೆಯಿಂದ ಪೆನ್ನು ತೆಗೆದು, "ಇನ್ನೂರು ಸಾಕಾ?" ಎಂದರು.

ಹತ್ತೇ ದಿನದಲ್ಲಿ ಓಣಿಯ ತಲೆಗೆ ಎಂಬತ್ತು ಕೋಣೆಗಳ ಶೌಚಾಲಯ ಎದ್ದು ನಿಂತಿತು. ಅಮೃತಶಿಲೆಯ ನೆಲ, ಗೋಡೆಗೆ ನವಿಲಿನ ಚಿತ್ರ. ಅಂಥ ಚಂದದ ಕಟ್ಟಡ ನಮ್ಮ ತಾಲ್ಲೂಕಿನಲ್ಲಿ ಬದುಕಿದ್ದವರಿಗಾಗಿ ಯಾರೂ ಕಟ್ಟಿರಲಿಲ್ಲ. ಬಾಗಿಲಿಗೆ ಪೊಲೀಸರು; ಓಣಿಯವರಿಗೆ ಪ್ರವೇಶವಿಲ್ಲ. ಪಕ್ಕದಲ್ಲಿ ಚಪ್ಪರ, ಚಪ್ಪರದಲ್ಲಿ ಕೊಪ್ಪರಿಗೆಗಳು. ಆಮೇಲೆ ಬಸ್ಸುಗಳು ಬಂದವು. ಗರಡಿ ಮನೆಗಳಿಂದ ಪೈಲ್ವಾನರು, ಊರೂರಿನ ಸಾಹುಕಾರರು, ಖಾನಾವಳಿ ಮಾಲೀಕರು. ತೊಡೆಯೆಂದರೆ ಅರಳಿಮರದ ಬೊಡ್ಡೆ, ಹೊಟ್ಟೆಯೆಂದರೆ ರೈಲಿನ ಎಂಜಿನ್ನು. ದಿನಕ್ಕೆ ಮೂರು ಹೊತ್ತು ತಿನ್ನುವುದು, ಸಾಲಿನಲ್ಲಿ ನಿಲ್ಲುವುದು, ಒಳಗೆ ಹೋಗುವುದು. ಇದಕ್ಕೆ ಸಾಹೇಬರು ಇಟ್ಟ ಹೆಸರು ರಾಷ್ಟ್ರ ವಿಸರ್ಜನ ಸೇವೆ. ಹೊರಬಂದವರ ಕೊರಳಿಗೆ ಹಾರ ಕೂಡ ಬೀಳುತ್ತಿತ್ತು. ಥೂ!

ಓಣಿಯ ನೂರು ಮನೆಗಳ ಗಟಾರದ ಬಾಯಿಗೆ ಸಿಮೆಂಟು ಬಡಿದಿದ್ದರು. ಬಡವರ ದೇಹದಿಂದ ಬಂದ ಒಂದು ಹನಿಯೂ ಯಂತ್ರಕ್ಕೆ ಸೇರಬಾರದು. ಸೇರಬಾರದ್ದು ಎಲ್ಲಿಗೆ ಹೋಗಬೇಕು? ನಾಲ್ಕನೇ ದಿನಕ್ಕೆ ಅದು ತಿರುಗಿ ಬಂತು. ಬಚ್ಚಲಲ್ಲಿ ಬುಳಬುಳ ಎಂದು ಎದ್ದು, ಹೊಸ್ತಿಲು ದಾಟಿ, ಓಣಿಯ ತುಂಬ ಹಸಿರು ಕೆನೆಗಟ್ಟಿ ನಿಂತಿತು. ಜನ ಇಟ್ಟಿಗೆ ಇಟ್ಟು ಅದರ ಮೇಲೆ ಕಾಲಿಟ್ಟು ನಡೆದರು. ಸರಸಿಗೆ ಇಟ್ಟಿಗೆಯಿಂದ ಇಟ್ಟಿಗೆಗೆ ಕಾಲು ಎಟುಕದು. ಎರಡು ಸಲ ಬಿದ್ದಳು. ಆಮೇಲೆ ಶಾಲೆಗೆ ಹೋಗುವುದನ್ನೇ ಬಿಟ್ಟಳು.

ನಾನು ಉಂಡು ಮಾಡಿ ಬಿಡುವಾಗಿ ಕೂತಿದ್ದಾಗ ಇಂದ್ರವ್ವ ತಂಗಿಯ ಮನೆಯಿಂದ ಬಂದಳು. ಸೀರೆಯ ಅಂಚು ತೊಡೆಯವರೆಗೆ ಒದ್ದೆ. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತಳು.

"ಈ ಉಪಾಯ ಯಾರ್ದಂತ ಓಣಿ ತುಂಬ ಕೇಳಾಕತ್ತಾರ," ಎಂದಳು.

"ಸಾಹೇಬ್ರದು."

"ಸಾಹೇಬಗ ಗಟಾರದ ಬಾಯಿ ಯಾವ ಕಡೆ ಐತಿ ಅಂತ ಗೊತ್ತಿಲ್ಲ. ಇಷ್ಟು ಹೊಲಸು ಬುದ್ಧಿ ಬರಬೇಕಂದ್ರ ಗಟಾರದಾಗ ಹುಟ್ಟಿರಬೇಕು." ನನ್ನ ಮುಖ ನೋಡಿದಳು. "ಖರೆ ಹೇಳ್ರಿ. ನೀವು ಹೇಳಿಕೊಟ್ಟಿದ್ದು ಹೌದಿಲ್ಲೋ?"

ಹುಲಿಯ ಬಾಯಲ್ಲಿ ಕೈಯಿಟ್ಟು ಹಲ್ಲು ಎಣಿಸಿದವನು ನಾನು. ಹುಲಿ ಸ್ವಲ್ಪ ಚಿಕ್ಕದಿತ್ತು, ಅದರ ಹೆಸರು ಬೆಕ್ಕು, ಇರಲಿ. ಆ ಅಂಗಳದಲ್ಲಿ ಮಾತ್ರ ಅವಳ ಒದ್ದೆ ಸೀರೆಯ ಅಂಚನ್ನೇ ನೋಡುತ್ತ ಕೂತೆ. ಇಂದ್ರವ್ವ ತಂಬಿಗೆ ನೀರಿನಿಂದ ಕಾಲು ತೊಳೆದುಕೊಂಡು, "ನಿಮ್ಮ ಮೂಗು ಅಷ್ಟು ದೊಡ್ಡದಲ್ಲ, ನಿಮ್ಮ ಮೈ ವಾಸನಿ ನಿಮಗ ಬರವಲ್ದು," ಎಂದು ಒಳಗೆ ಹೋದಳು.

ಅಂಕೆ ಏರುತ್ತಿತ್ತು. ಐವತ್ತು, ಐವತ್ತಮೂರು, ಐವತ್ತೇಳು. ಸಾಹೇಬರು ದಿನಾ ಫೋನು ಮಾಡಿ ನನ್ನ ಬೆನ್ನು ತಟ್ಟುತ್ತಿದ್ದರು. ಅರವತ್ತು ದಾಟಿತೆಂದರೆ ಮಂಡಳಿಯ ಬಾಗಿಲು ಓಣಿಗೆ ಮುಚ್ಚಿತು. ಸರಸಿಯ ಕಾಲೂ ಅಲ್ಲಿಗೆ ಮುಗಿಯಿತು. ನಾನು ಕೂತ ಕುರ್ಚಿಗೆ ಅದು ಚೆನ್ನಾಗಿ ಗೊತ್ತಿತ್ತು.

ಒಂದು ಬೆಳಿಗ್ಗೆ ನೀಲವ್ವನಿಗೆ ಮುಖ ತೋರಿಸಿ ಬೈಸಿಕೊಂಡಾದರೂ ಬರೋಣವೆಂದು ಓಣಿಗೆ ಹೋದೆ. ಶೌಚಾಲಯದ ಸಾಲು ಓಣಿಯೊಳಗೆ ಅರ್ಧದವರೆಗೆ ಬೆಳೆದಿತ್ತು. ಪೈಲ್ವಾನರು ಇಟ್ಟಿಗೆಗಳ ಮೇಲೆ ಕೊಕ್ಕರೆಗಳಂತೆ ನಿಂತಿದ್ದರು. ಅವರ ಪೈಕಿ ಎಲ್ಲರಿಗಿಂತ ದೊಡ್ಡವನು ಭರಮಪ್ಪ. ಅವನು ಕೆಮ್ಮಿದರೆ ಹಂಚು ಬೀಳುತ್ತಿದ್ದವು. ಅವನು ನೀಲವ್ವನ ಕಟ್ಟೆಯ ಮೇಲೆ ಕೂತಿದ್ದ. ಬೆನ್ನು ಬಾಗಿಸಿಕೊಂಡೇ ನೀಲವ್ವ ಒಂದು ಕೈಯಲ್ಲಿ ಬೆಲ್ಲದ ಚೂರು, ಇನ್ನೊಂದು ಕೈಯಲ್ಲಿ ತಂಬಿಗೆ ಹಿಡಿದು ಹೊರಬಂದಳು.

"ಬ್ಯಾಡ್ರೀ ಯಕ್ಕಾ, ಅಲ್ಲಿ ಚಪ್ಪರದಾಗ ಬಾಟ್ಲಿ ನೀರು ಕೊಡತಾರ. ಹೊರಗಿಂದ ಒಂದು ಹನೀನೂ ಕುಡೀಬ್ಯಾಡಂತ ಸಾಹೇಬ್ರ ಅಪ್ಪಣಿ ಐತಿ," ಎಂದ ಭರಮಪ್ಪ, ನಾಚಿಕೊಂಡು.

"ಅದು ಸಾಹೇಬ್ರ ನೀರು. ನೀವು ಕೂತಿದ್ದು ನನ್ನ ಕಟ್ಟಿ ಮ್ಯಾಲ," ಎಂದಳು ನೀಲವ್ವ. "ಹೊಸ್ತಿಲಿಗೆ ಬಂದಾವರು ಬೆಲ್ಲಾ ನೀರು ಮುಟ್ಟದ ಹೋದರ ನನ್ನ ಮನಿ ಮನೀನ?"

ಭರಮಪ್ಪ ಎದ್ದು ನಿಂತು, ಎರಡು ಕೈಯಲ್ಲಿ ತಂಬಿಗೆ ತೆಗೆದುಕೊಂಡು, ಗಟಗಟ ಎತ್ತಿದ. ಹೋಳಿಗೆ ತುಪ್ಪ ತಿಂದ ಬಾಯಿ. ಇನ್ನೊಂದು ತಂಬಿಗೆ ಕೇಳಿದ. ಆಮೇಲೆ ಇನ್ನೊಂದು. ತಲೆಯೆತ್ತಿ ನೋಡಿದೆ. ಓಣಿಯ ಉದ್ದಕ್ಕೂ, ಆ ಹಸಿರು ಕೆಸರಿನ ಮೇಲೆ, ಪ್ರತಿ ಕಟ್ಟೆಯಲ್ಲೂ ಒಬ್ಬ ದಢೂತಿ ಮನುಷ್ಯ, ಪ್ರತಿಯೊಬ್ಬನ ಕೈಯಲ್ಲೂ ಒಂದು ತಂಬಿಗೆ. ತಮ್ಮ ಮನೆಯ ಬಚ್ಚಲಿಗೆ ಸಿಮೆಂಟು ಹಾಕಿಸಿದ ಅತಿಥಿಗಳಿಗೆ ಓಣಿಯ ಹೆಂಗಸರು ದಿನಾ ನೀರು ಕೊಡುತ್ತಿದ್ದರು. ಅದೇ ಬಾವಿಯ ನೀರು. ಅವರ ಬಳಿ ಬೇರೆ ಇರಲಿಲ್ಲ.

"ಇವರ ಮ್ಯಾಲ ಸಿಟ್ಟು ಬರೂದಿಲ್ಲೇನು ನೀಲಾ?" ಎಂದೆ.

"ಸಿಟ್ಟು ಇವರ ಮ್ಯಾಲ ಯಾಕ ಬರಬೇಕು, ಮಾಮಾ?" ಎಂದು ನನ್ನನ್ನೇ ನೋಡಿ, "ನೀವೂ ಕುಡೀರಿ," ಎಂದು ತಂಬಿಗೆ ಚಾಚಿದಳು. ಕುಡಿದೆ. ಅದಕ್ಕಿಂತ ಖಾರವಾದದ್ದನ್ನು ನಾನು ಈವರೆಗೆ ಕುಡಿದಿಲ್ಲ.

ಮುದ್ರೆಗೆ ನಾಲ್ಕು ದಿನವಿದ್ದಾಗ ಅಂಕೆ ಐವತ್ತೊಂಬತ್ತೂವರೆಗೆ ಬಂದು ನಿಂತುಬಿಟ್ಟಿತು. ತುಪ್ಪ ಹೆಚ್ಚಿಸಿದರು, ಬಾದಾಮಿ ಬಂತು, ಕುರಿ ಬಂದವು. ಅಂಕೆ ಅಲುಗಲಿಲ್ಲ. ನಾನು ಕೆಳಗಿನ ಗಾಜಿಗೆ ಕಣ್ಣು ಹಾಕಿದೆ. ಅನ್ನ: ಸೊನ್ನೆ. ರಕ್ತಹೀನತೆ: ಒಂದು. ಜಂತು: ಐದು. ಭಯ: ಆರು. ನೀರು: ಎಂಬತ್ತೆಂಟು.

ಕುರ್ಚಿಯಿಂದ ಎದ್ದು ನಿಂತೆ. ಜಗತ್ತಿನ ಮಹಾ ಮಹಾ ವಿಜ್ಞಾನಿಗಳು ಇಪ್ಪತ್ತು ವರ್ಷ ತಲೆ ಚಚ್ಚಿಕೊಂಡರೂ ಬಿಡಿಸಲಾಗದ ಗಂಟನ್ನು ಚಿದಂಬರ ಸಾಹೇಬರು ತುಪ್ಪ ಹಚ್ಚಿ ಬಿಡಿಸಿಬಿಟ್ಟಿದ್ದರು! ಹಸಿವು, ಜಂತು, ರಕ್ತವಿಲ್ಲದಿರುವುದು ಎಲ್ಲ ಒಂದಕ್ಕೊಂದು ಹೆಣೆದುಕೊಂಡಿದ್ದಾಗ ಯಾವುದು ಎಷ್ಟು ಎಂದು ಯಂತ್ರಕ್ಕೂ ತಿಳಿಯುತ್ತಿರಲಿಲ್ಲ. ಈಗ ಅದೇ ಓಣಿಯಲ್ಲಿ, ಯಾವ ಕೊರತೆಯೂ ಇಲ್ಲದ ಇನ್ನೂರು ದೇಹಗಳನ್ನು ಸಾಹೇಬರು ತಂದು ಕೂಡಿಸಿದ್ದರು, ಓಣಿಯವರು ಅವಕ್ಕೆ ಆ ಬಾವಿಯ ನೀರು ಕುಡಿಸಿದ್ದರು. ಉಳಿದೆಲ್ಲ ಕಾರಣಗಳೂ ಉದುರಿಹೋಗಿ ಒಂದೇ ಉಳಿದಿತ್ತು. ಇಷ್ಟು ದಿನ ನಡೆದದ್ದು ಮೋಸವಲ್ಲ, ಪ್ರಯೋಗ. ಮತ್ತು ಅದು ಕೆಡದಂತೆ ನೋಡಿಕೊಂಡದ್ದು ಬೆಲ್ಲದ ಚೂರು.

ಅದೇ ಹೊತ್ತಿಗೆ ಬಾಗಿಲು ದೂಡಿಕೊಂಡು ಸಾಹೇಬರು ಬಂದರು. ಕರವಸ್ತ್ರ ಕೂಡ ಮರೆತಿದ್ದರು.

"ಯಾಕ್ರೀ ಹತ್ತಲ್ಲ ಇದು? ಅರ್ಧ ಕಮ್ಮಿ! ಬರೀ ಅರ್ಧ! ಮಂತ್ರಿಗಳು ಸಭೇಗೆ ಹಾಕ್ಕೊಂಡು ಹೋಗೋ ಕೋಟು ಹೊಲಿಸಿ ಆಯ್ತು. ಎಲ್ಲಿ ಸೋರ್ತಾ ಇದೆ ಹೇಳಿ." ಕೆಳಗಿನ ಗಾಜು ನೋಡಿದರು. "ನೀರು ಅಂತಿದೆ. ಯಾವ ನೀರು? ಟ್ಯಾಂಕರಿನಲ್ಲಿ ಅಡುಗೆ, ಕುಡಿಯೋಕೆ ಬಾಟ್ಲಿ. ಇವರಿಗೆ ಎಲ್ಲಿಂದ ಬಂತು ಈ ನೀರು?"

ನನ್ನ ನಾಲಿಗೆ ಬಾಯೊಳಗೆ ಕುದುರೆಯಂತೆ ಕೆನೆಯಿತು. ನೀವು ಬಡಾಯಿ ಕೊಚ್ಚಿ ಬೆಳೆದವರಲ್ಲ, ನಿಮಗೆ ತಿಳಿಯದು. ಇಡೀ ಭೂಮಂಡಲದಲ್ಲಿ ನನಗೊಬ್ಬನಿಗೆ ಗೊತ್ತಿರುವ ಗುಟ್ಟು. ಎದುರಿಗೆ ಕೇಳುವ ದೊಡ್ಡ ಮನುಷ್ಯ. ಒಂದು ಮಾತು ಹೇಳಿದರೆ ಸಾಕು. ಸಂಜೆಯೊಳಗೆ ಪ್ರತಿ ಕಟ್ಟೆಯ ಮುಂದೆ ಪೊಲೀಸ್, ನಾಳೆ ಅರವತ್ತೊಂದು, ನಾಡಿದ್ದು ನನ್ನ ಕೊರಳಿಗೂ ಹಾರ. ಮೂಗಿನಲ್ಲಿ ಓಣಿಯ ಹಸಿರು ನಾತ ತುಂಬಿತ್ತು. ಅದರಲ್ಲಿ ನನ್ನದು ಎಷ್ಟು ಪಾಲು ಎಂಬುದು ಆಗ ಮೊದಲ ಸಲ ಬೇರೆಯಾಗಿ ತಿಳಿಯಿತು.

"ಗೊತ್ತಿಲ್ರೀ, ಸಾಹೇಬ್ರ," ಎಂದೆ.

"ಗೊತ್ತಿಲ್ವಾ? ನಿಮಗೆ?"

"ನನಗ ಏನೂ ಗೊತ್ತಿಲ್ರಿ. ಮೊದಲಿಂದಾನೂ ಗೊತ್ತಿರಲಿಲ್ಲ. ಸುಮ್ಮ ಮಾತಿಗೆ ಹೇಳಿದ್ದೆ."

"ಮತ್ತೆ ಸ್ವಿಟ್ಜರ್ಲೆಂಡು?"

"ಅದು ಎಲ್ಲೈತಿ ಅನ್ನೂದೂ ಗೊತ್ತಿಲ್ರಿ."

ಸಾಹೇಬರು ನನ್ನನ್ನು ದಡ್ಡ ಎಂದರು, ಕತ್ತೆ ಎಂದರು, ಇಂಗ್ಲಿಷಿನಲ್ಲೂ ಏನೇನೋ ಅಂದರು. ತಡೆಯಲಾರದೆ ಹೊರಗೆ ಹೋಗಿ ಗಟಾರಕ್ಕೆ ಕ್ಯಾಕರಿಸಿ ಉಗಿದರು. ಯಂತ್ರ ತನ್ನ ಕೆಲಸ ತಾನು ಮಾಡಿತು. ಅರೆಗಳಿಗೆಯಲ್ಲಿ ಗಾಜಿನ ಮೇಲೆ ಹೊಸ ಸಾಲು ಬಂತು: ದೇಹ ಒಂದು, ಹೊಟ್ಟೆ ತುಂಬಿದೆ, ಭಯ ತೊಂಬತ್ತಾರು. ಓಣಿಯ ಬಡವರಲ್ಲಿ ಯಾರಿಗೂ ಅಷ್ಟು ಭಯ ಯಾವತ್ತೂ ದಾಖಲಾಗಿರಲಿಲ್ಲ.

ನಾಲ್ಕು ದಿನ ಕುರಿ ಕಡಿದದ್ದೇ ಕಡಿದದ್ದು. ಐದನೇ ದಿನ ಬೆಳಿಗ್ಗೆ ಹತ್ತಕ್ಕೆ ಮುದ್ರೆ ಬಿತ್ತು: ಐವತ್ತೊಂಬತ್ತು ಬಿಂದು ಐದು. ಕಾರಣ, ನೀರು. ಈ ಸಲ ಮಂಡಳಿಗೆ ಅಧ್ಯಯನ ಬೇಕಾಗಲಿಲ್ಲ.

ಮಂತ್ರಿಗಳು ಹೊಸ ಕೋಟು ಹಾಕಿಕೊಂಡೇ ಪತ್ರಕರ್ತರನ್ನು ಕರೆದು, ದೇಶ ಹಿಂದುಳಿಯಲು ಆ ಓಣಿಯವರ ಸೋಮಾರಿತನವೇ ಕಾರಣ, ಅದು ಅವರ ರಕ್ತದಲ್ಲೇ ಇದೆ ಎಂದು ವಿವರಿಸಿದರು. ಆ ರಕ್ತ ನಲವತ್ತು ದಿನ ಯಂತ್ರಕ್ಕೆ ಸೇರಿಯೇ ಇರಲಿಲ್ಲ. ಇರಲಿ. ಎರಡು ತಿಂಗಳಲ್ಲಿ ಮಂಡಳಿಯ ಜನ ಬಂದು ಸಿಮೆಂಟು ಒಡೆದರು, ನೀರಿನ ಘಟಕ ನಿಲ್ಲಿಸಿದರು. ಅದರ ಉದ್ಘಾಟನೆಗೂ ಅದೇ ಮಂತ್ರಿ ಬಂದು, ಘಟಕ ತನ್ನ ಹೋರಾಟದ ಫಲವೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದ. ನನಗೆ ಬಂದದ್ದು ಒಂದು ಆದೇಶ: 'ಸದರಿ ನಿಯಂತ್ರಕರಿಗೆ ತಮ್ಮ ಯಂತ್ರದ ಬಗ್ಗೆ ಏನೇನೂ ತಿಳಿದಿಲ್ಲವೆಂದು ಅವರೇ ಒಪ್ಪಿಕೊಂಡಿರುವುದರಿಂದ ಸೇವೆಯಿಂದ ವಜಾ ಮಾಡಲಾಗಿದೆ.'

ಊರಿಗೆಲ್ಲ ಸುದ್ದಿಯಾಯಿತು. ಚಹಾದಂಗಡಿಯಲ್ಲಿ ನಾನು ಬಾಯಿ ತೆರೆದರೆ ಸಾಕು, "ತಡೀರಿ, ಏನೂ ಗೊತ್ತಿಲ್ಲದ ಗುರುಶಾಂತ ಏನೋ ಹೇಳತಾನಂತ!" ಎಂದು ನಗುತ್ತಿದ್ದರು. ಐದು ವರ್ಷ ಆ ನಗುವನ್ನು ನುಂಗಿದೆ. ನಿಜ ಹೇಳಿದರೆ ಅಳತೆಯೇ ರದ್ದಾಗಿ ಘಟಕ ವಾಪಸು ಹೋಗುತ್ತಿತ್ತು. ಈಗ ಮಂಡಳಿಯೇ ಮುಚ್ಚಿದೆ. ಯಾಕೆಂದರೆ ಒಂದೊಂದೇ ದೇಶ, ಮುಂದುವರಿದವೂ ಬಿಡದೆ, ಬಾಡಿಗೆಗೆ ಹೊಟ್ಟೆ ತರುವುದನ್ನು ಕಲಿತುಬಿಟ್ಟವು. ನನ್ನ ಉಪಾಯ ಏಳು ಸಮುದ್ರ ದಾಟಿತು ಎಂದು ಹೆಮ್ಮೆ ಪಡಬಹುದಿತ್ತು. ಹೇಸಿಕೆಯಾಗುತ್ತದೆ.

ಘಟಕ ಬಂದ ಮರುವರ್ಷ ಒಂದು ಮಧ್ಯಾಹ್ನ ನೀಲವ್ವನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಇಂದ್ರವ್ವ ನನಗೆ ಎರಡನೇ ರೊಟ್ಟಿ ಹಾಕಿದಳು. ಕೇಳದೆ ಹಾಕಿದ್ದು ವರ್ಷದಲ್ಲಿ ಅದೇ ಮೊದಲು. ಸರಸಿ ನನ್ನೆದುರು ನೆಲದ ಮೇಲೆ ಕೂತು ಬೆಂಡಿಕಾಯಿ ಆರಿಸಿ ತೆಗೆದು ಪಕ್ಕಕ್ಕಿಡುತ್ತಿದ್ದಳು.

"ದೊಡ್ಡಪ್ಪಾ, ಸಾಲ್ಯಾಗ ಎಲ್ಲಾರೂ ಅಂತಾರ. ನಿನಗ ಖರೇನ ಏನೂ ಗೊತ್ತಿರಲಿಲ್ಲೇನು?" ಎಂದಳು.

ನೀಲವ್ವ ತಲೆ ಎತ್ತಲಿಲ್ಲ. ಇಂದ್ರವ್ವ ರೊಟ್ಟಿಯ ಬುಟ್ಟಿ ಹಿಡಿದು ನಿಂತಳು.

"ಇಲ್ಲವ್ವಾ," ಎಂದೆ. "ಏನೂ ಗೊತ್ತಿರಲಿಲ್ಲ."

"ದಡ್ಡ ಅದಿ ಬಿಡು," ಎಂದಳು ಸರಸಿ. ಗೋಡೆ ಮುಟ್ಟದೆ ಎದ್ದು, ಊಟದ ಗಂಗಾಳ ಎತ್ತಿಕೊಂಡು ಬಚ್ಚಲಿಗೆ ನಡೆದಳು.